ದಿರ್ಹಂ ಚಿಲ್ಲರೆಯಲ್ಲಿ ಸಿಕ್ಕ ಒಂದು ಪಿಸೊ: ನಾಣ್ಯದ ಮೇಲಿರುವ ಈ ರಿಸಾಲ್ ಯಾರು?

ಕರಾಮ_ಕುಡ್ಲ:
ಎಲ್ಲರಿಗೂ ನಮಸ್ಕಾರ. ಕಳೆದ ಗುರುವಾರ ಕೆಲಸ ಮುಗಿಸಿ ಬರುವಾಗ ದುಬೈ ಕರಾಮದಲ್ಲಿ ನಮ್ಮ ಬಿಲ್ಡಿಂಗಿನ ಕೆಳಗಿರುವ ಗ್ರೋಸರಿಯಲ್ಲಿ ಮೊಸರು, ಕುಬ್ಬೂಸ್ ತಗೊಂಡೆ. ಚಿಲ್ಲರೆಯನ್ನು ನೋಡದೆ ಜೇಬಿಗೆ ಹಾಕಿದ್ದು. ರಾತ್ರಿ ಮೇಜಿನ ಮೇಲೆ ಸುರಿದಾಗ ನಾಲ್ಕು ನಾಣ್ಯ. ಮೂರರ ಮೇಲೆ ಅರಬ್ಬರ ಕಾಫಿ ಹೂಜಿ ಉಂಟು, ನಾಲ್ಕನೆಯದರ ಮೇಲೆ ಒಬ್ಬ ಮನುಷ್ಯನ ಮುಖ. ಕನ್ನಡಕ ಹಾಕಿ ಓದಿದೆ: ‘ರಿಪಬ್ಲಿಕಾ ನಾಂಗ್ ಪಿಲಿಪಿನಾಸ್’, 1 ಪಿಸೊ, 2004.

ದಿರ್ಹಮ್ಮಿನ ಮೇಲೆ ಇಟ್ಟು ಅಂಚಿಗೆ ಉಗುರು ಸವರಿದೆ, ಎಲ್ಲಿಯೂ ಉಗುರು ತಡೆಯಲಿಲ್ಲ. ಅಷ್ಟು ಸರಿಸಮ. ಒಂದು ದಿರ್ಹಂ ಅಂದ್ರೆ ಹತ್ತಿರ ಹತ್ತಿರ ಹದಿನೈದು ಪಿಸೊ, ಹಾಗಾಗಿ ನನಗೆ ಸ್ವಲ್ಪ ನಷ್ಟವೇ. ಅದು ಬೇಸರ ಅಲ್ಲ ಮಾರಾಯ್ರೆ. ಆ ಮುಖವನ್ನು ನೋಡುತ್ತಾ ಕೂತವನು ಊಟಕ್ಕೇ ತಡ ಮಾಡಿದೆ. ಬದಿಗೆ ಬೈತಲೆ ತೆಗೆದು ಬಾಚಿದ ಕೂದಲು, ಕಿರೀಟ ಇಲ್ಲ, ಕತ್ತಿ ಇಲ್ಲ, ಸೈನ್ಯದ ಬಿಲ್ಲೆ ಇಲ್ಲ. ಆಫೀಸಲ್ಲಿ ನಮ್ಮ ಫಿಲಿಪಿನೊ ಸಹೋದ್ಯೋಗಿಯನ್ನು ಕೇಳಿದ್ದಕ್ಕೆ “ರಿಸಾಲ್. ನಮ್ಮ ಹೀರೊ. ಕಣ್ಣಿನ ಡಾಕ್ಟರ್” ಅಂದಳು. ಅಷ್ಟರಲ್ಲಿ ಫೋನ್ ಬಂತು, ಮಾತು ಅಲ್ಲಿಗೇ ನಿಂತಿತು.

ನನ್ನ ಪ್ರಶ್ನೆ ಇಷ್ಟೇ. ಅಷ್ಟು ದೊಡ್ಡ ಮನುಷ್ಯ ಆದರೆ ಅವನನ್ನು ಒಂದು ಪಿಸೊದ ಮೇಲೆ ಯಾಕೆ ಇಟ್ಟರು? ಸಾವಿರದ ನೋಟಿನ ಮೇಲೆ ಇಡಬಹುದಿತ್ತಲ್ಲ? ನಮ್ಮಲ್ಲಿ ದಿನಬಳಕೆಯ ನಾಣ್ಯಕ್ಕೆ ಸಿಂಹವೇ ಗತಿ. ಮುಖ ಬರುವುದು ಸ್ಮರಣೆಗೆ ತೆಗೆದ ನಾಣ್ಯಗಳಲ್ಲಿ ಮಾತ್ರ: 1964ರ ನೆಹರು, 1969ರ ಗಾಂಧಿ, 2006ರ ನಮ್ಮ ಬಸವಣ್ಣನ ಐದು ರೂಪಾಯಿ. ಗೊತ್ತಿದ್ದವರು ಬರೆಯಿರಿ.

ಹಳೆನಾಣ್ಯ_ಮೈಸೂರು:
ಸಾರ್, ಒಳ್ಳೆ ನಾಣ್ಯವೇ ನಿಮ್ಮ ಕೈಗೆ ಬಂದಿದೆ. 1995ರಲ್ಲಿ ಶುರುವಾದ ಸರಣಿ ಅದು, ವ್ಯಾಸ 24 ಮಿ.ಮೀ. ಯುಎಇ ತನ್ನ ದಿರ್ಹಂ ಅನ್ನು ಚಿಕ್ಕದು ಮಾಡಿ 24 ಮಿ.ಮೀ.ಗೆ ತಂದದ್ದೂ ಅದೇ 1995ರಲ್ಲಿ. ಎರಡೂ ದೇಶ ತಮ್ಮ ಪಾಡಿಗೆ ತಾವು ಮಾಡಿದ ಕೆಲಸ, ಆದರೆ ಗಲ್ಫ್‌ನಲ್ಲಿ ಫಿಲಿಪಿನೊ ಜನ ಎಷ್ಟಿದ್ದಾರೆ ಅಂತ ನಿಮಗೇ ಗೊತ್ತು. 2006ರ ಸುಮಾರಿಗೆ ತಂಪು ಪಾನೀಯದ ಮಷೀನುಗಳು ಪಿಸೊವನ್ನು ದಿರ್ಹಂ ಅಂತ ನುಂಗುತ್ತಿವೆ ಅನ್ನುವ ಸುದ್ದಿ ಅಲ್ಲಿನ ಪತ್ರಿಕೆಗಳಲ್ಲೇ ಬಂದಿತ್ತು.

ಒಂದು ಕೆಲಸ ಮಾಡಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ಇದ್ದರೆ ನಾಣ್ಯಕ್ಕೆ ಹಿಡಿದು ನೋಡಿ. ಮೊದಮೊದಲು ಇದು ತಾಮ್ರ ಮತ್ತು ನಿಕ್ಕಲ್ ಬೆರಕೆ, ತೂಕ 6.1 ಗ್ರಾಂ. 2003ರಿಂದ ಈಚೆಗೆ ನಿಕ್ಕಲ್ ಲೇಪದ ಉಕ್ಕು, 5.35 ಗ್ರಾಂ. ನಿಮ್ಮದು 2004 ಆದ್ದರಿಂದ ಅಂಟಬೇಕು.

ನಿಮ್ಮ ಪ್ರಶ್ನೆಗೆ ಬರುತ್ತೇನೆ, ಸ್ವಲ್ಪ ಹಿಂದಿನಿಂದ ಹೇಳಬೇಕು. ಹೊಸೆ ರಿಸಾಲ್ ಹುಟ್ಟಿದ್ದು 1861ರ ಜೂನ್ 19ರಂದು, ಲಗೂನಾ ಪ್ರಾಂತ್ಯದ ಕಲಂಬಾ ಊರಲ್ಲಿ. ಅದೇ ವರ್ಷ ಮಾರ್ಚ್‌ನಲ್ಲಿ ಆಗ ಆ ನಾಡನ್ನು ಆಳುತ್ತಿದ್ದ ಸ್ಪೇನಿನವರು ಮನಿಲಾದಲ್ಲಿ ಟಂಕಸಾಲೆ ತೆರೆದರು. ಅಲ್ಲಿ ರಾಣಿ ಎರಡನೇ ಇಸಬೆಲ್ಲಳ ಮುಖ, ಆಮೇಲೆ ದೊರೆ ಹನ್ನೆರಡನೇ ಅಲ್ಫಾನ್ಸೊನ ಮುಖ ಅಚ್ಚಾದವು. ರಿಸಾಲ್ ಚಿಕ್ಕಂದಿನಿಂದ ಕೈಯಲ್ಲಿ ಹಿಡಿದದ್ದು ಆ ನಾಣ್ಯಗಳನ್ನೇ. 1896ರ ಡಿಸೆಂಬರ್ 30ರ ಬೆಳಿಗ್ಗೆ ಅವನನ್ನು ಮನಿಲಾದ ಬಗುಂಬಯನ್ ಮೈದಾನದಲ್ಲಿ ಗುಂಡಿಕ್ಕಿ ಕೊಂದರು. ಆಗ ವಯಸ್ಸು ಬರೀ 35. ಮರುವರ್ಷ, 1897ರಲ್ಲಿ, ಆ ದ್ವೀಪಗಳಿಗಾಗಿಯೇ ಸ್ಪೇನಿನಿಂದ ಹೊಸ ಬೆಳ್ಳಿ ಪಿಸೊ ಬಂತು, ಅದರ ಮೇಲೆ ಇನ್ನೂ ಹುಡುಗನಾಗಿದ್ದ ದೊರೆ ಹದಿಮೂರನೇ ಅಲ್ಫಾನ್ಸೊ. ಕೊಂದವರ ದೊರೆಯ ಮುಖ ಕಳೆದು ಅದೇ ಪಿಸೊದ ಮೇಲೆ ಸತ್ತವನ ಮುಖ ಬರಲು ಅರುವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಈ ಸರಣಿಯನ್ನು ಸಾಲಾಗಿ ಟ್ರೇನಲ್ಲಿ ಜೋಡಿಸಿದಾಗಲೆಲ್ಲ ನನಗೆ ಎದೆ ಭಾರವಾಗುತ್ತದೆ.

ನಡುವೆ ಅಮೆರಿಕದವರು ಬಂದರಲ್ಲ. 1903ರ ಅವರ ನಾಣ್ಯಗಳನ್ನು ಚಿತ್ರಿಸಿದವನು ಮೆಲೆಸಿಯೊ ಫಿಗೆರೋವ ಎಂಬ ಫಿಲಿಪಿನೊ ಕೆತ್ತನೆಗಾರ. ಬೆಳ್ಳಿಯದರ ಮೇಲೆ ಕಮ್ಮಾರರ ಅಡಿಗಲ್ಲಿನ ಪಕ್ಕ ಸುತ್ತಿಗೆ ಹಿಡಿದು ನಿಂತ ಹೆಂಗಸು, ಹಿಂದೆ ಹೊಗೆಯಾಡುವ ಮಯೋನ್ ಜ್ವಾಲಾಮುಖಿ. ಚಿಲ್ಲರೆಯ ಮೇಲೆ ಕೂತ ಕಮ್ಮಾರ. ದೊರೆ ಹೋಗಿ ದುಡಿಯುವವರು ಬಂದರು. ಫಿಗೆರೋವ ಕ್ಷಯದಿಂದ ಅದೇ ವರ್ಷ ತೀರಿಕೊಂಡ. ಆ ಮೊದಲ ಬೆಳ್ಳಿ ಪಿಸೊ ಸುಮಾರು 27 ಗ್ರಾಂ ತೂಗುತ್ತದೆ. ಬೆಳ್ಳಿ ತುಟ್ಟಿಯಾಗಿ ಜನ ಕರಗಿಸತೊಡಗಿದ್ದಕ್ಕೆ 1907ರಲ್ಲಿ 20 ಗ್ರಾಮಿಗೆ ಇಳಿಸಿದರು.

ನಾಣ್ಯಕ್ಕೆ ರಿಸಾಲ್ ಬಂದದ್ದು 1961ರಲ್ಲಿ, ಹುಟ್ಟಿ ನೂರು ವರ್ಷ ತುಂಬಿದಾಗ. ಅರ್ಧ ಪಿಸೊ, ಒಂದು ಪಿಸೊ, ಎರಡೂ 900ರ ಶುದ್ಧತೆಯ ಬೆಳ್ಳಿ, ತಲಾ ಒಂದು ಲಕ್ಷ. ದಿನಬಳಕೆಗೆ ಬಂದದ್ದು 1972ರಲ್ಲಿ, 33 ಮಿ.ಮೀ.ನ ದೊಡ್ಡ ಪಿಸೊದ ಮೇಲೆ. ಆಮೇಲೆ ಇಳಿಯುತ್ತಾ ಬಂತು ನೋಡಿ: 1975ರಿಂದ 29 ಮಿ.ಮೀ., 1991ರಲ್ಲಿ 22 ಮಿ.ಮೀ.ಗೂ ಕಡಿಮೆಯ ಸ್ಟೇನ್‌ಲೆಸ್ ಸ್ಟೀಲ್ ಬಿಲ್ಲೆ, 1995ರಲ್ಲಿ ತುಸು ದೊಡ್ಡದಾಗಿ 24, 2018ರ ಹೊಸ ಸರಣಿಯಲ್ಲಿ 23. ಹಣದ ಬೆಲೆ ಇಳಿದಂತೆ ನಾಣ್ಯ ಸಣ್ಣದಾಯಿತು, ಆದರೆ 1972ರಿಂದ ಇವತ್ತಿನ ತನಕ ಪಿಸೊದ ಮೇಲಿನಿಂದ ರಿಸಾಲನನ್ನು ಯಾರೂ ಇಳಿಸಲಿಲ್ಲ. ಆಗಿನ ಅಧ್ಯಕ್ಷ ಮಾರ್ಕೋಸ್ ತನ್ನ ಮುಖವನ್ನು 1975ರಲ್ಲಿ ಐದು ಪಿಸೊದ ಮೇಲೆ ಹಾಕಿಸಿಕೊಂಡ. ಅದು ಹೋಯಿತು, ಇದು ಉಳಿಯಿತು.

ಕರಾಮ_ಕುಡ್ಲ:
ಅಂಟಿತು! ಫ್ರಿಜ್ಜಿನ ಮ್ಯಾಗ್ನೆಟ್ಟಿಗೆ ಟಕ್ ಅಂತ ಅಂಟಿತು. ಈಗ ಅಲ್ಲಿಯೇ ಬಾಗಿಲಲ್ಲಿ ಉಂಟು ರಿಸಾಲ್.

ದಾವಾವೊ_ಡಾಕ್ಟರ್:
ಈ ಥ್ರೆಡ್ ನೋಡಿ ಸುಮ್ಮನೆ ಹೋಗಲು ಮನಸ್ಸಾಗಲಿಲ್ಲ. ನಾನು ಹಾಸನದವಳು, ಮೆಡಿಕಲ್ ಓದಿದ್ದು ಫಿಲಿಪ್ಪೀನ್ಸಿನ ದಾವಾವೊದಲ್ಲಿ. ಈಗ ಊರಲ್ಲೇ ಕಣ್ಣಿನ ವಿಭಾಗದಲ್ಲಿ ಕೆಲಸ. ಒಂದು ಪಿಸೊದ ಮೇಲಿರುವವನು ನನ್ನ ಕಸುಬಿನವನೇ ಅಂತ ಗೊತ್ತಾದ ದಿನ ಆದ ಖುಷಿ ಇನ್ನೂ ನೆನಪಿದೆ.

ರಿಸಾಲನ ತಾಯಿ ತೆಯೊದೋರಾ ಅಲೋನ್ಸೊಗೆ ಪೊರೆ ಬಂದು ಕಣ್ಣು ಮಂಜಾಗಿತ್ತು. ಮಗ ಮ್ಯಾಡ್ರಿಡ್‌ನಲ್ಲಿ ವೈದ್ಯ ಓದಿ, ಪ್ಯಾರಿಸ್‌ನಲ್ಲಿ ಲೂಯಿ ದ ವೆಕರ್ ಹತ್ತಿರ, ಆಮೇಲೆ ಹೈಡೆಲ್‌ಬರ್ಗ್‌ನಲ್ಲಿ ಓಟೊ ಬೆಕರ್ ಹತ್ತಿರ ಕಣ್ಣಿನ ಕೆಲಸ ಕಲಿತ. ತಾಯಿಯ ಕಣ್ಣಿಗೆ ತಾನೇ ಶಸ್ತ್ರಚಿಕಿತ್ಸೆ ಮಾಡಿದ. ದಿನಕ್ಕೆ ಹತ್ತಾರು ಪೊರೆ ತೆಗೆಯುವ ಈ ಕಾಲದಲ್ಲಿ ಇದು ಸಾಧಾರಣ ಅನಿಸಬಹುದು. ಆದರೆ ಕೃತಕ ಲೆನ್ಸ್ ಇಲ್ಲದ ಆ ಕಾಲದಲ್ಲಿ, ಸ್ವಂತ ತಾಯಿಯ ಕಣ್ಣಿಗೆ ಬ್ಲೇಡು ಹಿಡಿದ ಕೈ ನಡುಗಲಿಲ್ಲವಲ್ಲ ಅಂತ ಥಿಯೇಟರಿನಲ್ಲಿ ನಿಂತಾಗ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಹಣದ ಲೆಕ್ಕದಲ್ಲೇ ಅವನ ಬದುಕು ಹೇಳಬಹುದು. ಮೊದಲ ಕಾದಂಬರಿ ‘ನೋಲಿ ಮೆ ತಾಂಹೆರೆ’ ಬರೆದು ಮುಗಿಸಿದಾಗ ಬರ್ಲಿನ್‌ನಲ್ಲಿ ಕೈಯಲ್ಲಿ ಕಾಸಿಲ್ಲ, ಮೈಯಲ್ಲಿ ಆರೋಗ್ಯ ಇಲ್ಲ. ಗೆಳೆಯ ಮಾಕ್ಸಿಮೊ ವಿಯೋಲಾ 300 ಪಿಸೊ ಕೊಟ್ಟ. 1887ರಲ್ಲಿ 2000 ಪ್ರತಿ ಅಚ್ಚಾಯಿತು. ಆ ಪುಸ್ತಕವೇ ಮುಂದೆ ಪ್ರಾಣಕ್ಕೆ ಬಂತು. 1892ರಲ್ಲಿ ದಪಿತಾನ್ ಎಂಬ ದೂರದ ಊರಿಗೆ ಗಡಿಪಾರಾದಾಗ ಮೂರು ಜನ ಸೇರಿ ಕೊಂಡಿದ್ದ ಲಾಟರಿ ಟಿಕೆಟಿಗೆ ಬಹುಮಾನ ಬಂತು, ಅವನ ಪಾಲು 6200 ಪಿಸೊ. ಅಪ್ಪನಿಗೆ ಕೊಡಬೇಕಾದ್ದು ಕೊಟ್ಟು, ಉಳಿದದ್ದರಲ್ಲಿ ಸಮುದ್ರದ ದಡದಲ್ಲಿ ಜಮೀನು ಕೊಂಡ. ಅಲ್ಲಿ ಮನೆ, ಆಸ್ಪತ್ರೆ, ಹುಡುಗರಿಗೆ ಶಾಲೆ. ಊರಿಗೆ ಕುಡಿಯುವ ನೀರಿನ ಕಾಲುವೆ ತಂದ. ಗಡಿಪಾರಾದವನು ಕೂತು ಕೊರಗದೆ ಊರನ್ನೇ ಕಟ್ಟಿದ.

ನಿಮ್ಮ “ಒಂದು ಪಿಸೊದ ಮೇಲೆ ಯಾಕೆ” ಪ್ರಶ್ನೆಗೆ ನನ್ನ ಉತ್ತರ: ಅಲ್ಲಿ ಹೆಚ್ಚು ಕೈ ಸೇರುವ ನಾಣ್ಯವೇ ಅದು. ಜೀಪ್ನಿ ಅಂತ ಅವರ ಮಿನಿ ಬಸ್. ಡ್ರೈವರ್ ತಲೆಯ ಮೇಲೆ ಬೋರ್ಡ್ ಇರುತ್ತದೆ, ‘ಬರ್ಯಾ ಲಾಂಗ್ ಪೊ ಸ ಉಮಾಗ’, ಅಂದರೆ ಬೆಳಿಗ್ಗೆ ಚಿಲ್ಲರೆ ಮಾತ್ರ ಕೊಡಿ. ಹಿಂದೆ ಕೂತವರು ಡ್ರೈವರಿಗೆ ನೇರ ಕೊಡಲಾಗುವುದಿಲ್ಲ. ‘ಬಾಯಾದ್ ಪೊ’ ಅಂತ ಪಕ್ಕದವರ ಕೈಗೆ ಕೊಟ್ಟರೆ ಅದು ಕೈಯಿಂದ ಕೈಗೆ ಮುಂದಕ್ಕೆ ಹೋಗುತ್ತದೆ, ಉಳಿದ ಚಿಲ್ಲರೆ ಹಾಗೇ ಹಿಂದಕ್ಕೆ ಬರುತ್ತದೆ. ಗುರುತಿಲ್ಲದ ಐದಾರು ಜನ ದಿನಾ ನನ್ನ ದುಡ್ಡು ದಾಟಿಸಿದ್ದಾರೆ, ನಾನೂ ಅವರದ್ದು ದಾಟಿಸಿದ್ದೇನೆ. ಪರೀಕ್ಷೆಯ ಮುಂಚಿನ ದಿನಗಳಲ್ಲಿ ಪಿಸೊನೆಟ್ಟಿಗೆ ಹೋಗುತ್ತಿದ್ದೆವು, ಕಂಪ್ಯೂಟರಿನ ಪಕ್ಕದ ಕಿಂಡಿಗೆ ಒಂದು ಪಿಸೊ ಹಾಕಿದರೆ ಕೆಲವು ನಿಮಿಷ ಇಂಟರ್ನೆಟ್. ಸಾವಿರದ ನೋಟು ತಿಂಗಳ ಕೊನೆಗೆ ನನ್ನ ಪರ್ಸಿನಲ್ಲಿ ಇರುತ್ತಲೇ ಇರಲಿಲ್ಲ. ಈ ಮುಖ ಮಾತ್ರ ಯಾವಾಗಲೂ ಇರುತ್ತಿತ್ತು.

ಗಂಡುಮೆಟ್ಟು_ಹುಬ್ಬಳ್ಳಿ:
ಡಾಕ್ಟರ್ ಅಕ್ಕಾರ, ಭಾಳ ಚಲೋ ಬರದೀರಿ. ಆದ್ರ ನಾ ಒಂದ್ ಮಾತು ಹೇಳಲೇಬೇಕು, ಸಿಟ್ಟಾಗಬ್ಯಾಡ್ರಿ. ರಿಸಾಲ್ ದೊಡ್ಡಾಂವ, ಖರೇ. ಆದ್ರ ಅವನ್ನ ಮುಂದ ಮಾಡಿದವ್ರು ಯಾರು? ಅಮೆರಿಕದವ್ರು. 1901ರಾಗ ಮೊರೊಂಗ್ ಅನ್ನೋ ಪ್ರಾಂತ್ಯಕ್ಕ ರಿಸಾಲ್ ಅಂತ ಹೆಸರಿಟ್ರು. ಲುನೆತಾದಾಗ, ಅಂದ್ರ ಅವನ್ನ ಕೊಂದ ಮೈದಾನದಾಗ, ಸ್ಮಾರಕ ಕಟ್ಟಾಕ ಕಾಯ್ದೆ ಮಾಡಿದ್ದೂ ಅದ ವರ್ಷ. 1903ರ ಎರಡು ಪಿಸೊ ನೋಟಿನ ಮ್ಯಾಲೆ ಅವನ್ನ ಹಾಕಿದ್ರು, ಹತ್ತರ ನೋಟಿಗೆ ಜಾರ್ಜ್ ವಾಷಿಂಗ್ಟನ್. ಯಾಕಂದ್ರ ಪೆನ್ನು ಹಿಡದಾಂವ ಆಳೋರಿಗೆ ಅಂಜಿಕಿ ಹುಟ್ಟಿಸಂಗಿಲ್ಲ. ಬಂದೂಕ ಹಿಡದಾಂವ ಹುಟ್ಟಸ್ತಾನ.

ನಾ ಹೇಳೋದು ಆಂದ್ರೆಸ್ ಬೋನಿಫಾಸಿಯೊ ಬಗ್ಗೆ. ಮನಿಲಾದ ತೊಂಡೊದಾಗ ಹುಟ್ಟಿದಾಂವ, ಸಣ್ಣಂದಿರತ್ಲೆ ಅವ್ವ ಅಪ್ಪನ್ನ ಕಳಕೊಂಡು ಬೆತ್ತದ ಕೋಲು, ಕಾಗದದ ಬೀಸಣಿಗಿ ಮಾರಿ ತಮ್ಮ ತಂಗ್ಯಾರ್ನ ಸಾಕಿದಾಂವ. 1892ರ ಜುಲೈ 7ಕ್ಕ, ರಿಸಾಲ್‌ನ ಗಡಿಪಾರು ಸುದ್ದಿ ಹೊರಗ ಬಿದ್ದ ದಿನಾನ, ಕತಿಪುನಾನ್ ಅನ್ನೋ ಗುಪ್ತ ಸಂಘಟನಾ ಕಟ್ಟಿದ್ರು, ಅದರಾಗ ಇಂವನೂ ಮುಂದ. ದಪಿತಾನಕ್ಕ ಮನಷ್ಯಾನ್ನ ಕಳಿಸಿ ದಂಗೆ ಬಗ್ಗೆ ಕೇಳಿಸಿದ್ರ ರಿಸಾಲ್ ‘ಇನ್ನೂ ಹೊತ್ತು ಬಂದಿಲ್ಲ’ ಅಂದ. 1896ರ ಡಿಸೆಂಬರ್‌ದಾಗ ಜೈಲಿನಿಂದ ದಂಗೆ ಬ್ಯಾಡ ಅಂತ ಹೇಳಿಕಿ ಬರದ. ಬೋನಿಫಾಸಿಯೊ ಮಾತ್ರ ಮೈದಾನಕ್ಕ ಇಳದ. ಅವಂಗ ಸಿಕ್ಕದ್ದೇನು? 1897ರ ಮೇ 10ಕ್ಕ ಮರಗೊಂಡೊನ್ ಗುಡ್ಡದಾಗ ಸ್ವಂತ ಮಂದೀನ ಅವನ್ನೂ ಅವನ ತಮ್ಮನ್ನೂ ಕೊಂದ್ರು, ದಂಗೆಯ ಇನ್ನೊಬ್ಬ ಮುಖಂಡ ಅಗಿನಾಲ್ದೊನ ಕಡಿಯವ್ರು.

ನಾಣ್ಯದಾಗೂ ಅದ ಕತಿ ನೋಡ್ರಿ. 1983ರಾಗ ಎರಡು ಪಿಸೊ ಮ್ಯಾಲೆ ಬೋನಿಫಾಸಿಯೊ ಬಂದ, ಹತ್ತು ಮೂಲಿಯ ನಾಣ್ಯ, ಹಿಂದ ತೆಂಗಿನ ಗಿಡ. 1995ರ ಸರಣಿ ಬಂದಾಗ ಎರಡು ಪಿಸೊನ ತಗದ್ರು. ಐದು ಪಿಸೊ ಮ್ಯಾಲೆ ಅಗಿನಾಲ್ದೊ ಕುಂತೇ ಇದ್ದ. ಐದು ವರ್ಷ ಬೋನಿಫಾಸಿಯೊಗ ಹೊಸ ನಾಣ್ಯದಾಗ ಜಾಗಾನ ಇಲ್ಲ. 2000ದಾಗ ಹತ್ತು ಪಿಸೊದಾಗ ಮಬಿನಿ ಅನ್ನೋ ಇನ್ನೊಬ್ಬ ನಾಯಕನ ಜೋಡಿ ಅರ್ಧ ಜಾಗ ಕೊಟ್ರು. ನನಗ ಇದು ಹೊಟ್ಟಿಗೆ ಹತ್ತತೈತಿ.

ಹಳೆನಾಣ್ಯ_ಮೈಸೂರು:
ಹುಬ್ಬಳ್ಳಿಯವರ ಮಾತಿನ ಮುಂದಿನ ಅಧ್ಯಾಯವನ್ನೂ ಸೇರಿಸಬೇಕು. 2017ರ ನವೆಂಬರ್ 30, ಬೋನಿಫಾಸಿಯೊ ಹುಟ್ಟಿದ ದಿನ, ಅವರ ಕೇಂದ್ರ ಬ್ಯಾಂಕು ಹೊಸ ಐದು ಪಿಸೊ ಹೊರತಂದಿತು. ಅದರಲ್ಲಿ ಅಗಿನಾಲ್ದೊ ಇಲ್ಲ, ಆ ಜಾಗದಲ್ಲಿ ಬೋನಿಫಾಸಿಯೊ ಇದ್ದಾನೆ. ಹಿಂಬದಿಯಲ್ಲಿ ಹಸಿರುನೀಲಿ ಹೂಗೊಂಚಲಿನ ತಯಾಬಾಕ್ ಬಳ್ಳಿ. ನೂರಿಪ್ಪತ್ತು ವರ್ಷ ಆದಮೇಲೆ ಕೊಲೆಯಾದವನು ಕೊಂದವರ ನಾಯಕನ ಜಾಗಕ್ಕೆ ಬಂದ.

ಆದರೆ ಆ ನಾಣ್ಯಕ್ಕೆ ಬೇರೆ ಕಷ್ಟ ಕಾದಿತ್ತು. ಹೊಸ ಒಂದು ಪಿಸೊ 23 ಮಿ.ಮೀ., ಐದು ಪಿಸೊ 25 ಮಿ.ಮೀ., ಎರಡೂ ಬೆಳ್ಳಿ ಬಣ್ಣ. ಹಳೆ ಐದು ಪಿಸೊ ಹಿತ್ತಾಳೆ ಬಣ್ಣದಲ್ಲಿ ಇದ್ದದ್ದರಿಂದ ಕತ್ತಲಲ್ಲೂ ಗೊತ್ತಾಗುತ್ತಿತ್ತು. ಜೀಪ್ನಿ ಡ್ರೈವರುಗಳು, ತರಕಾರಿ ಮಾರುವವರು ಗೊಣಗಿದರು, ರಿಸಾಲ್ ಅಂತ ಬೋನಿಫಾಸಿಯೊನನ್ನು ಕೊಟ್ಟುಬಿಡುತ್ತಿದ್ದೇವೆ ಅಂತ. 2019ರ ಡಿಸೆಂಬರಿನಲ್ಲಿ ಐದು ಪಿಸೊವನ್ನು ಒಂಬತ್ತು ಮೂಲೆಯದಾಗಿ ಬದಲಾಯಿಸಿದರು.

ಅಮೆರಿಕದವರು ರಿಸಾಲನನ್ನು ತಂದು ಕೂರಿಸಿದರು ಅನ್ನುವುದನ್ನು ಮಾತ್ರ ಪೂರ್ತಿ ಒಪ್ಪಲಾರೆ. ಅವರ ಆಡಳಿತ ದೇಶದಲ್ಲಿ ಬೇರೂರುವ ಮುಂಚೆಯೇ, 1898ರ ಡಿಸೆಂಬರ್ 20ರಂದು, ಸ್ವತಃ ಅಗಿನಾಲ್ದೊ ಡಿಸೆಂಬರ್ 30 ಅನ್ನು ಶೋಕದ ದಿನ ಅಂತ ಆಜ್ಞೆ ಹೊರಡಿಸಿದ್ದ. ನೀವು ಹೇಳಿದ ಕತಿಪುನಾನ್‌ನವರೇ ರಿಸಾಲನ ಹೆಸರನ್ನು ಗುಪ್ತ ಸಂಕೇತವಾಗಿ ಬಳಸುತ್ತಿದ್ದರು. ಬೋನಿಫಾಸಿಯೊ ರಿಸಾಲನ ಎದುರಾಳಿ ಅಲ್ಲ ಸಾರ್, ಅವನ ಓದುಗ. ಇನ್ನೊಂದು ವಿಷಯ: ರಿಸಾಲ್ ರಾಷ್ಟ್ರೀಯ ನಾಯಕ ಅಂತ ಘೋಷಿಸಿದ ಕಾಯ್ದೆ ಇವತ್ತಿಗೂ ಆ ದೇಶದಲ್ಲಿಲ್ಲ. ಜನ ಒಪ್ಪಿಕೊಂಡಿದ್ದಾರೆ, ಅಷ್ಟೇ.

ದಾವಾವೊ_ಡಾಕ್ಟರ್:
ಕಾಯ್ದೆ ಇರುವುದು ಅವನನ್ನು ಓದಲಿಕ್ಕೆ! 1956ರ ರಿಸಾಲ್ ಕಾಯ್ದೆ, ನಂಬರ್ 1425. ಶಾಲೆ ಕಾಲೇಜುಗಳಲ್ಲಿ ಅವನ ಬದುಕು, ಎರಡು ಕಾದಂಬರಿ ಪಾಠವಾಗಲೇಬೇಕು. ಚರ್ಚಿನವರು ಬಹಳ ವಿರೋಧಿಸಿದ್ದರಂತೆ, ಕಾದಂಬರಿಯಲ್ಲಿ ಪಾದ್ರಿಗಳ ದಬ್ಬಾಳಿಕೆ ಇದೆಯಲ್ಲ. ನನ್ನ ಫಿಲಿಪಿನೊ ರೂಮ್‌ಮೇಟ್ ಆ ಪರೀಕ್ಷೆಗೆ ಗಟ್ಟಿಯಾಗಿ ಓದುತ್ತಿದ್ದಳು. ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಅವಳ ಬಾಯಿಂದ ಕೇಳಿಸಿಕೊಂಡದ್ದು.

ಪದಕ_ಪೆಟ್ಟಿಗೆ:
ಎಲ್ಲರೂ ನಾಣ್ಯದ ಬಗ್ಗೆಯೇ ಬರೆಯುತ್ತಿದ್ದೀರಿ, ಪದಕದ ಪರವಾಗಿ ನಾನೊಬ್ಬ ಮಾತಾಡುತ್ತೇನೆ. ನಾಣ್ಯಕ್ಕೆ ಮುಖಬೆಲೆ ಇರುತ್ತದೆ, ಅಂಗಡಿಯಲ್ಲಿ ಓಡುತ್ತದೆ. ಪದಕಕ್ಕೆ ಬೆಲೆಯ ಅಂಕಿ ಇಲ್ಲ, ಗೌರವಕ್ಕೆ ಅಥವಾ ನೆನಪಿಗೆ ಮಾತ್ರ. ಅದಕ್ಕೇ ಪದಕದಲ್ಲಿ ಕೆತ್ತನೆಗಾರನಿಗೆ ಕೈ ಬೀಸಲು ಜಾಗ ಜಾಸ್ತಿ, ಉಬ್ಬು ಆಳವಾಗಿ ಬರುತ್ತದೆ.

ಫಿಲಿಪಿನೊ ಇತಿಹಾಸದಲ್ಲಿ ನನಗೆ ಬಹಳ ಇಷ್ಟದ ಪದಕ ಯಾವುದು ಅಂದರೆ 1884ರದ್ದು. ಮ್ಯಾಡ್ರಿಡ್‌ನ ಕಲಾಪ್ರದರ್ಶನದಲ್ಲಿ ಹುವಾನ್ ಲೂನಾ ‘ಸ್ಪೋಲಿಯಾರಿಯಂ’ ಎಂಬ ಗೋಡೆಯಷ್ಟು ದೊಡ್ಡ ಚಿತ್ರ ಇಟ್ಟ. ಸತ್ತ ರೋಮನ್ ಮಲ್ಲರನ್ನು ನೆಲದ ಮೇಲೆ ಎಳೆದುಕೊಂಡು ಹೋಗುವ ದೃಶ್ಯ. ಚಿನ್ನದ ಪದಕ ಬಂತು. ಅದೇ ಪ್ರದರ್ಶನದಲ್ಲಿ ಫೆಲಿಕ್ಸ್ ಹಿದಾಲ್ಗೊಗೆ ಬೆಳ್ಳಿ ಪದಕ. ಆಳಿಸಿಕೊಳ್ಳುವ ನಾಡಿನ ಇಬ್ಬರು ಆಳುವವರ ರಾಜಧಾನಿಯಲ್ಲೇ ಗೆದ್ದರು. ಜೂನ್ 25ರ ಔತಣಕೂಟದಲ್ಲಿ ಎದ್ದು ನಿಂತು ಅವರನ್ನು ಅಭಿನಂದಿಸಿ ಮಾತಾಡಿದ ಇಪ್ಪತ್ಮೂರರ ಹುಡುಗ ರಿಸಾಲ್. ಪ್ರತಿಭೆಗೆ ಗಡಿ ಇಲ್ಲ ಅನ್ನುವ ಅರ್ಥದ ಆ ಭಾಷಣದ ಮೇಲೆ ಆಳುವವರ ಕಣ್ಣು ಬಿತ್ತು. ಪದಕ ಗೆದ್ದ ಲೂನಾ 1967ರಿಂದ ಇಪ್ಪತ್ತೈದು ಸೆಂಟಿಮೊದ (ನೂರು ಸೆಂಟಿಮೊ ಸೇರಿದರೆ ಒಂದು ಪಿಸೊ) ಮೇಲೆ ಬಂದ, ಭಾಷಣ ಮಾಡಿದ ರಿಸಾಲ್ ಪಿಸೊದ ಮೇಲೆ. ಆ ಔತಣದ ಮೇಜು ಒಂದು ಕಾಲದಲ್ಲಿ ಫಿಲಿಪಿನೊ ಜೇಬುಗಳಲ್ಲಿ ಓಡಾಡುತ್ತಿತ್ತು.

ರಿಸಾಲನಿಗೂ ಅದಕ್ಕೂ ಮುಂಚೆ, 1880ರಲ್ಲಿ, ಮನಿಲಾದ ಒಂದು ಬರಹ ಸ್ಪರ್ಧೆಯಲ್ಲಿ ಮೊದಲ ಬಹುಮಾನವಾಗಿ ಚಿನ್ನದ ಉಂಗುರ ಬಂದಿತ್ತು, ಅದರ ಮೇಲೆ ಸ್ಪೇನಿನ ಲೇಖಕ ಸೆರ್ವಾಂಟಿಸ್‌ನ ಮುಖ. ಗೆದ್ದವನು ಸ್ಪೇನಿನವನಲ್ಲ, ಸ್ಥಳೀಯ ವಿದ್ಯಾರ್ಥಿ ಅಂತ ತಿಳಿದಾಗ ಸಭೆಯ ಚಪ್ಪಾಳೆ ತಣ್ಣಗಾಯಿತಂತೆ.

ಸಂಗ್ರಹಕಾರರು ಹುಡುಕುವ ಪದಕ ಅಂದರೆ 1920ರದ್ದು. ಅಮೆರಿಕ ಸರ್ಕಾರ ತನ್ನ ನೆಲದಿಂದಾಚೆ ನಡೆಸಿದ ಒಂದೇ ಟಂಕಸಾಲೆ ಮನಿಲಾದಲ್ಲಿ ಆ ವರ್ಷ ತೆರೆಯಿತು. ನೆನಪಿಗೆ ಚಿನ್ನದಲ್ಲಿ 5, ಬೆಳ್ಳಿಯಲ್ಲಿ 2200, ಕಂಚಿನಲ್ಲಿ 3700 ಪದಕ ಹೊಡೆದರು. ಒಂದು ಬದಿ ಅಧ್ಯಕ್ಷ ವುಡ್ರೊ ವಿಲ್ಸನ್, ಇನ್ನೊಂದು ಬದಿ ನಾಣ್ಯದ ಅಚ್ಚಿನ ಪಕ್ಕದಲ್ಲಿ ಹಣದ ದೇವತೆ. ಮಾರಾಟವಾಗದೆ ಉಳಿದವು ಖಜಾನೆಯಲ್ಲಿದ್ದವು. 1942ರಲ್ಲಿ ಜಪಾನೀಯರ ಕೈಗೆ ಸಿಗಬಾರದೆಂದು ಕೊರೆಗಿದೋರ್ ದ್ವೀಪದ ಹತ್ತಿರ ಒಂದೂವರೆ ಕೋಟಿಗೂ ಹೆಚ್ಚು ಬೆಳ್ಳಿ ಪಿಸೊ ಸಮುದ್ರಕ್ಕೆ ಸುರಿದರಲ್ಲ, ಆಗ ಈ ಪದಕಗಳೂ ನೀರು ಸೇರಿದವು. ಆಮೇಲೆ ಮೇಲೆತ್ತಿದ ಒಂದು ಕಂಚಿನ ಪದಕವನ್ನು ಹಿರಿಯರೊಬ್ಬರ ಸಂಗ್ರಹದಲ್ಲಿ ಕೈಯಲ್ಲಿ ಹಿಡಿದು ನೋಡಿದ್ದೇನೆ. ವಿಲ್ಸನ್ನನ ಕೆನ್ನೆ ಪೂರಾ ಉಪ್ಪುನೀರು ತಿಂದ ಗುಳಿ. ಬೆರಳಿಗೆ ಇಟ್ಟಿಗೆಯ ಹಾಗೆ ತರಿತರಿ. ಟಂಕಸಾಲೆ ಇದ್ದದ್ದು ಮನಿಲಾದಲ್ಲಿ, ದುಡಿದವರು ಫಿಲಿಪಿನೊಗಳು, ಮುಖ ಮಾತ್ರ ವಾಷಿಂಗ್ಟನ್ನಿನದು. ಅದಕ್ಕೇ 1961ರ ರಿಸಾಲ್ ಬೆಳ್ಳಿ ಪಿಸೊವನ್ನು ಅದರ ಪಕ್ಕದಲ್ಲಿ ಇಟ್ಟು ನೋಡಬೇಕು ಅಂತ ನನ್ನಾಸೆ.

ಹೊಸಬ_ತುಮಕೂರು:
ಆ 1961ರ ನಾಣ್ಯದ ಬಗ್ಗೆ ಬರೆದದ್ದಕ್ಕೆ ನನ್ನ ಅನುಭವ ಹೇಳ್ತೀನಿ, ಬೇರೆಯವರಿಗೆ ಹಾಗಾಗಬಾರದು. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನಿಂದ ರಿಸಾಲ್ ಬೆಳ್ಳಿ ಪಿಸೊ ಅಂತ ಒಂದು ತರಿಸಿದೆ. ಫೋಟೊದಲ್ಲಿ ಬಹಳ ಚೆನ್ನಾಗಿತ್ತು. ಬಂದದ್ದು ಬೆಳ್ಳಿ ಬಣ್ಣದ ಯಾವುದೋ ಲೋಹ. ಅಕ್ಷರಗಳ ಅಂಚು ಬೆಣ್ಣೆ ಕರಗಿದ ಹಾಗೆ ಮೊಂಡ. ಅಕ್ಕಸಾಲಿಗರ ಹತ್ತಿರ ತೂಕ ಹಾಕಿಸಿದರೆ 19 ಗ್ರಾಂ ಚಿಲ್ಲರೆ. ವಾಪಸ್ ತಗೊಳ್ಳಲಿಲ್ಲ. ಎರಡು ತಿಂಗಳು ಕೂಡಿಟ್ಟ ದುಡ್ಡು ಹೋಯ್ತು.

ಹಳೆನಾಣ್ಯ_ಮೈಸೂರು:
ತುಂಬಾ ಬೇಜಾರಾಯಿತು ತಮ್ಮಾ. ಆ ಅಳತೆಯ 900ರ ಬೆಳ್ಳಿ ಪಿಸೊ 25 ಗ್ರಾಮಿಗಿಂತ ಕೆಳಗೆ ಬರಲು ಸಾಧ್ಯವೇ ಇಲ್ಲ. ಇನ್ನು ಮುಂದೆ ದುಡ್ಡು ಕಳಿಸುವ ಮುಂಚೆ ತಕ್ಕಡಿಯ ಮೇಲಿಟ್ಟ ಫೋಟೊ ಕೇಳು, ಅಂಚಿನ ಫೋಟೊ ಕೇಳು. ಕೊಡದಿದ್ದರೆ ಕೈಬಿಡು. ಮತ್ತೊಂದು ಮಾತು, ಅಸಲಿ ಸಿಕ್ಕಾಗ ಅದು ಕಪ್ಪಾಗಿದ್ದರೆ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಬೇಡ. ನಮ್ಮಮ್ಮ ದೇವರ ಪಾತ್ರೆ ಜೊತೆಗೆ ನನ್ನ 1903ರ ಪಿಸೊ ಒಂದನ್ನು ತಿಕ್ಕಿ ಫಳಫಳ ಮಾಡಿಟ್ಟಿದ್ದರು. ಮಯೋನ್ ಪರ್ವತದ ಹೊಗೆಯ ಗೆರೆ ಮಾಸಿಹೋಯಿತು. ಅವರದ್ದು ಪ್ರೀತಿಯೇ, ಆದರೆ ಆ ಗೆರೆ ಮತ್ತೆ ಬರುವುದಿಲ್ಲ.

ಬೆಳ್ಳಿ ಬೇಡ, ಕಡಿಮೆ ದುಡ್ಡಿನಲ್ಲಿ ಶುರುಮಾಡು. 1983ರ ಸರಣಿ ಜೋಡಿಸು: ಮುಂದೆ ನಾಯಕರು, ಹಿಂದೆ ಅಲ್ಲಿಯ ಗಿಡ, ಪ್ರಾಣಿ. ರಿಸಾಲನ ಹಿಂದೆ ತಮರಾವ್ ಅನ್ನುವ ಗಿಡ್ಡ ಕಾಡುಕೋಣ, ಮಿಂಡೊರೊ ದ್ವೀಪದಲ್ಲಿ ಮಾತ್ರ ಇರುವಂಥದ್ದು. ಅದರಲ್ಲಿ ಎರಡು ಅಕ್ಷರ ತಪ್ಪುಗಳಿವೆ. ಹತ್ತು ಸೆಂಟಿಮೊದ ಪುಟಾಣಿ ಮೀನಿನ ವೈಜ್ಞಾನಿಕ ಹೆಸರು ‘ಪಿಗ್ಮಿಯಾ’ದಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ, ಐವತ್ತರ ಹದ್ದಿನ ಹೆಸರಲ್ಲಿ ‘ಪಿತೆಕೊಫಾಗಾ’ ಆಗಬೇಕಾದ್ದು ‘ಪಿತೆಕೊಭಾಗಾ’ ಆಗಿದೆ. ಆಮೇಲೆ ತಿದ್ದಿದರು. ತಪ್ಪಿರುವುದು, ತಿದ್ದಿದ್ದು, ಎರಡನ್ನೂ ಹುಡುಕುವುದರಲ್ಲಿ ಕಣ್ಣು ಪಳಗುತ್ತದೆ.

ದಾವಾವೊ_ಡಾಕ್ಟರ್:
ನಾಯಕರು ಅಂದಿರಿ, ಒಬ್ಬ ನಾಯಕಿಯೂ ಇದ್ದಳಲ್ಲ ಸರ್. ಮೆಲ್ಚೋರಾ ಅಕಿನೊ, ಜನ ಕರೆಯುವುದು ತಾಂದಾಂಗ್ ಸೋರಾ ಅಂತ, ನಮ್ಮಲ್ಲಿ ಸೋರಜ್ಜಿ ಅಂದ ಹಾಗೆ. 1896ರಲ್ಲಿ ಎಂಬತ್ನಾಲ್ಕು ವರ್ಷದ ಮುದುಕಿ, ಬೋನಿಫಾಸಿಯೊನ ಹುಡುಗರಿಗೆ ತನ್ನ ಅಂಗಡಿಯಲ್ಲಿ ಅನ್ನ ಹಾಕಿ, ಗಾಯಕ್ಕೆ ಔಷಧಿ ಕಟ್ಟಿದಳು. ಸ್ಪೇನಿನವರು ಹಿಡಿದು ಗುವಾಮ್ ದ್ವೀಪಕ್ಕೆ ಗಡಿಪಾರು ಮಾಡಿದರು. 1967ರಿಂದ ಐದು ಸೆಂಟಿಮೊದ ಮೇಲೆ ಅವಳ ಮುಖ ಇತ್ತು. 1995ರಲ್ಲಿ ಬಂದ ಹೊಸ ಐದು ಸೆಂಟಿಮೊ ತಾಮ್ರ ಲೇಪದ್ದು, ನಡುವೆ ತೂತು. ಅಜ್ಜಿಯ ಮುಖ ಇದ್ದ ಜಾಗದಲ್ಲೇ ಆ ತೂತು. ನಾನಿದ್ದಾಗ ಅಂಥ ನಾಣ್ಯಗಳು ರಸ್ತೆಯಲ್ಲಿ ಬಿದ್ದಿದ್ದರೂ ಯಾರೂ ಬಗ್ಗಿ ಎತ್ತುತ್ತಿರಲಿಲ್ಲ. ರಿಸಾಲ್, ಬೋನಿಫಾಸಿಯೊ ಇಬ್ಬರಿಗೂ ಜಾಗ ಸಿಕ್ಕಿತು, ಅನ್ನ ಹಾಕಿದವಳಿಗೆ ನಾಣ್ಯದಲ್ಲಿ ಇವತ್ತಿಗೂ ಇಲ್ಲ.

ನೋಟುಗಳಲ್ಲೂ ಈಗ ಹಾಗೇ ಆಗುತ್ತಿದೆ. 2022ರ ಪಾಲಿಮರ್ ಸಾವಿರದ ನೋಟಿನಲ್ಲಿ ಹದ್ದು ಬಂತು. ಮೊದಲು ಅಲ್ಲಿದ್ದದ್ದು ಜಪಾನೀಯರ ಕಾಲದಲ್ಲಿ ಪ್ರಾಣ ಕೊಟ್ಟ ಮೂವರು, ಅದರಲ್ಲಿ ಹೋಸೆಫಾ ಎಸ್ಕೊಡಾ ಹೆಂಗಸು. ಹದ್ದು ನನಗೂ ಇಷ್ಟ, ದಾವಾವೊದಲ್ಲಿ ಕಣ್ಣಾರೆ ನೋಡಿದ್ದೇನೆ. ಆದರೂ ಆ ಮೂರು ಮುಖ ಹೋದದ್ದಕ್ಕೆ ನನ್ನ ಗೆಳತಿ ಫೋನಿನಲ್ಲಿ ಅತ್ತಳು.

ಗಂಡುಮೆಟ್ಟು_ಹುಬ್ಬಳ್ಳಿ:
ಅಕ್ಕಾರ, ಸೋರಜ್ಜಿ ಸುದ್ದಿ ಓದಿ ಕಣ್ಣಾಗ ನೀರು ಬಂತು. ನಾ ಬೋನಿಫಾಸಿಯೊ ಅಂತ ಇಷ್ಟೊತ್ತು ಬಡದಾಡಿದೆ, ಅವಂಗ ಉಣ್ಣಾಕ ಇಕ್ಕಿದಾಕಿ ನನ್ನ ಲಕ್ಷ್ಯಕ್ಕ ಬರಲಿಲ್ಲ. ಆ 1967ರ ಐದು ಸೆಂಟಿಮೊ ಎಲ್ಲಿ ಸಿಗತೈತಿ, ಮೈಸೂರು ಸರ? ನನಗ ಒಂದ್ ಬೇಕು.

ಹಳೆನಾಣ್ಯ_ಮೈಸೂರು:
ನನ್ನ ಹತ್ತಿರ ಎರಡಿವೆ. ವಿಳಾಸ ಮೆಸೇಜಿನಲ್ಲಿ ಕಳಿಸಿ, ಒಂದು ನಿಮ್ಮದು. ದುಡ್ಡು ಬೇಡ.

ಕರಾಮ_ಕುಡ್ಲ:
ಇಷ್ಟೆಲ್ಲಾ ಓದಿದ ಮೇಲೆ ಇವತ್ತು ಪಿಸೊವನ್ನು ಫ್ರಿಜ್ಜಿನಿಂದ ತೆಗೆದು ಆಫೀಸಿಗೆ ಒಯ್ದೆ. ಊಟದ ಹೊತ್ತಿಗೆ ಆ ಸಹೋದ್ಯೋಗಿಯ ಎದುರು ಕೂತು ಲೂನಾನ ಪದಕ, ಲಾಟರಿ, ಸೋರಜ್ಜಿ ಎಲ್ಲ ಹೇಳಿದೆ. ಅವಳು ಚಮಚ ಕೆಳಗಿಟ್ಟು ಕೇಳಿದಳು. ‘ನಮ್ಮ ಟೀಚರ್ ಕೂಡ ಲಾಟರಿ ವಿಷಯ ಹೇಳಿದ್ದರು’ ಅಂದಳು. ಆಮೇಲೆ ನಾಣ್ಯ ಕೈಗೆ ತಗೊಂಡು ಹೆಬ್ಬೆರಳಲ್ಲಿ ಇಸವಿಯ ಮೇಲೆ ಒರೆಸಿದಳು. 2004. ಅವಳ ಮಗ ಹುಟ್ಟಿದ ವರ್ಷವಂತೆ. ಅವನಿಗೆ ಎರಡು ವರ್ಷ ಆಗಿದ್ದಾಗ ಇವಳು ಇಲ್ಲಿಗೆ ಬಂದದ್ದು. ನಾನು ಮತ್ತೆ ವಾಪಸ್ ಕೇಳಲಿಲ್ಲ.

ಡಿಸೆಂಬರಿನಲ್ಲಿ ಊರಿಗೆ ಹೋಗ್ತಾಳೆ. ಅವಳ ಅಮ್ಮನ ಹತ್ತಿರ ಬಿಸ್ಕತ್ತಿನ ಡಬ್ಬಿ ತುಂಬಾ ಹಳೆ ಚಿಲ್ಲರೆ ಉಂಟಂತೆ, ಕಾಡುಕೋಣ ಇರುವ ರಿಸಾಲ್ ಖಂಡಿತ ಇದ್ದಾನೆ ಅಂದಳು. ತುಮಕೂರಿನ ತಮ್ಮನಿಗೂ ಒಂದು ತರಲು ಹೇಳಿದ್ದೇನೆ. ಜನವರಿಯಲ್ಲಿ ಫೋಟೊ ಹಾಕುತ್ತೇನೆ.